ತಿರುಗಿ ಬರುತ್ತಿದ್ದ ಕಾಯಿ

ಇವತ್ತು ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ಹೂವಿನವರ ಸಾಲು ಮುಗಿಯುವಲ್ಲಿ, ಒಂದು ಕೈಗಾಡಿಯ ಮುಂದೆ ಕೊಡೆ ಹಿಡಿದು ನಿಂತಿದ್ದೆ. ಗಾಡಿಯ ತುಂಬ ತೆಂಗಿನಕಾಯಿ. ಇಲ್ಲಿಯವರಿಗೆ ನಾರಳಿ ಪೌರ್ಣಿಮೆ, ನನ್ನ ಗಂಡನ ಕಡೆಯ ಕರಾವಳಿಯವರಿಗೆ ನೂಲ ಹುಣ್ಣಿಮೆ. ಹೆಸರು ಯಾವುದಾದರೇನು, ನೀರಿಗೊಂದು ಕಾಯಿ ಬಿಡುವ ದಿನ. ರಾತ್ರಿಯಿಡೀ ಮಳೆಗೆ ನೆನೆದ ನಾರು ಒಂದು ವಾಸನೆ ಬಿಡುತ್ತದೆ, ನಿಮಗೂ ಗೊತ್ತಿರಬೇಕು. ಅರ್ಧ ಮಣ್ಣಿನದು, ಅರ್ಧ ಒದ್ದೆ ಗೋಣಿಚೀಲದ್ದು. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

"ತಾಈ, ನೀರಿಗಾ ಅಡುಗೆಗಾ?" ಎಂದು ಗಾಡಿಯವನು ಮರಾಠಿಯಲ್ಲಿ ಕೇಳಿದ. ಒಂದು ನೀರಿಗೆ, ಒಂದು ಅಡುಗೆಗೆ ಎಂದೆ. ಅಡುಗೆಯದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೊಟ್ಟ. ನೀರಿನದನ್ನು ಕೈಗೆ ಸಿಕ್ಕಿದ್ದು ಎತ್ತಿ ಚೀಲಕ್ಕೆ ಹಾಕಿದ. ಇದನ್ನೂ ಅಲ್ಲಾಡಿಸಿ ನೋಡಪ್ಪ ಎಂದು ನಾನು, ನೀರಿಗೆ ಹೋಗುವುದಕ್ಕೆ ಯಾಕೆ ಎಂದು ಅವನು. ಪ್ರತಿ ವರ್ಷವೂ ಇದೇ ಜಗಳ. ನನ್ನ ಮಗಳು ಪೂರ್ವಿ ಇಂಥ ಹೊತ್ತಿನಲ್ಲಿ ನನ್ನ ಪರಿಚಯವೇ ಇಲ್ಲದವಳಂತೆ ದೂರ ನಿಂತು ಫೋನು ನೋಡುತ್ತಾಳೆ.

ಹಾಗೆ ನೋಡಿದರೆ ನೀರಿಗೂ ನನಗೂ ಸಂಬಂಧವೇ ಇರಬಾರದಿತ್ತು. ನಮ್ಮದು ವಿಜಯಪುರದ ಕಡೆ. ಅಪ್ಪ ಇಲ್ಲಿಯ ಎಂಐಡಿಸಿಯಲ್ಲಿ, ಅಂದರೆ ಕಾರ್ಖಾನೆಗಳ ವಸಾಹತಿನಲ್ಲಿ, ಲೋಡಿಂಗ್ ಕೆಲಸಕ್ಕೆಂದು ಬಂದವರು, ಬರುವಾಗ ಊರಿನ ಬಾಯಾರಿಕೆಯನ್ನೂ ಹೊತ್ತು ತಂದಿದ್ದರು. ನಮ್ಮ ಮನೆಯಲ್ಲಿ ನೀರು ಅಂದರೆ ಕೊಡದೊಳಗೆ, ಬಕೆಟ್ಟಿನೊಳಗೆ, ಬಹಳ ಅಂದರೆ ಡ್ರಮ್ಮಿನೊಳಗೆ ಇರುವ ವಸ್ತು. ಅದು ತಾನಾಗಿ ಎಲ್ಲಿಗೋ ಹೊರಟು ಹೋಗುತ್ತದೆ, ಅದರ ಮೇಲೆ ಮನುಷ್ಯರು ಕೂತು ಸವಾರಿ ಮಾಡುತ್ತಾರೆ ಎಂಬುದೆಲ್ಲ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ಈಗಲೂ ತಲೆಗೆ ನೀರು ಹಾಕಿಕೊಳ್ಳುವಾಗ ಒಂದೊಂದೇ ತಂಬಿಗೆ, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು. ಷವರಿನ ಕೆಳಗೆ ನಿಂತರೆ ಎದೆ ಡವಡವ ಎನ್ನುತ್ತದೆ. ನಗಬೇಡಿ.

ನನ್ನ ಗಂಡ ರಘು ಕುಂದಾಪುರದ ಕಡೆಯವನು. ಎಂಐಡಿಸಿಯ ಒಂದು ವರ್ಕ್‌ಶಾಪಿನಲ್ಲಿ ಲೇಥ್ ನೋಡಿಕೊಳ್ಳುತ್ತಿದ್ದ. ಕನ್ನಡದವರ ಒಂದು ರಾಜ್ಯೋತ್ಸವದ ಊಟದಲ್ಲಿ ಸಾರು ಬಡಿಸುತ್ತ ಬಂದವನು ನನ್ನ ಎಲೆಗೆ ಮಾತ್ರ ಎರಡು ಸಲ ಬಡಿಸಿದ, ಅಷ್ಟೇ ಕಥೆ. ಅಪ್ಪನ ಮಾತು ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಹೋಟೆಲ್ ಲೈನಿಗೆ ಬಾ ಎಂದರೆ ಕಬ್ಬಿಣದ ಕೆಲಸಕ್ಕೆ ಹೋದ. ನಮ್ಮ ಕಡೆಯ ಹುಡುಗಿ ನೋಡಿದ್ದೇನೆ ಎಂದರೆ ಜೋಳದ ರೊಟ್ಟಿ ಬಡಿಯುವ ನನ್ನನ್ನು ಕರೆದುಕೊಂಡು ಬಂದ. ಮಾವಯ್ಯ, ಅಂದರೆ ಅವನ ಅಪ್ಪ, ಮೊದಲ ದಿನವೇ ನನ್ನ ಅಡುಗೆಯ ಮುಂದೆ ಕೂತು ತಟ್ಟೆಯನ್ನು ಒಂದು ಸುತ್ತು ತಿರುಗಿಸಿ ನೋಡಿದರು. "ಕಾಯಿ ಎಲ್ಲಿತ್ತ್ ಮಾರಾಯ್ತಿ? ಕಾಯಿ ಇಲ್ದೆ ಅಡುಗಿಯಾ?" ಎಂದರು. ನಾನೂ ಬಿಡಲಿಲ್ಲ. "ಶೇಂಗಾ ಹಿಂಡಿ ಐತಿ ನೋಡ್ರಿ. ನಿಮ್ಮ ಕಾಯಿಗಿಂತ ಭಾಳ ಚಲೋ." ಆಮೇಲೆ ಎಷ್ಟೋ ವರ್ಷ ನಮ್ಮ ಮನೆಯ ಒಲೆಯ ಮೇಲೆ ಕಾಯಿಗೂ ಶೇಂಗಾಕ್ಕೂ ಯುದ್ಧ ನಡೆಯಿತು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು, ಹಾಗಾಗಿ ನಡುವೆ ನಿಂತು ರಾಜಿ ಮಾಡಿಸುವವರೂ ಇರಲಿಲ್ಲ. ಕೊನೆಗೆ ಗೆದ್ದದ್ದು ಕಾಯಿ.

ಮಾವಯ್ಯನ ಮನೆತನದ ಕಸುಬು ಕಡವು ದಾಟಿಸುವುದು. ಕಡವು ಎಂದರೆ ಹೊಳೆ ದಾಟುವ ಜಾಗ. ಈ ದಡದ ಜನರನ್ನು ಆ ದಡಕ್ಕೆ ದೋಣಿಯಲ್ಲಿ ಮುಟ್ಟಿಸುವವರು ಇವರು. ಸೇತುವೆ ಬಂತು, ದೋಣಿಗೆ ಕೆಲಸವಿಲ್ಲದಾಯಿತು, ಅವರು ಹೆಂಡತಿ ಮತ್ತು ಮಗನೊಂದಿಗೆ ಕಲ್ಯಾಣಕ್ಕೆ ಬಂದು ಹೋಟೆಲಿನಲ್ಲಿ ದೋಸೆ ಹುಯ್ಯಲು ನಿಂತರು. ಆದರೆ ಮನಸ್ಸು ಮಾತ್ರ ಕಡವಿನಲ್ಲೇ ಉಳಿದಿತ್ತು. ಸಮುದ್ರ ಹತ್ತಿರವಿದ್ದ ಹೊಳೆ ಅದು. ಇಳಿತದ ಹೊತ್ತಿಗೆ ದೋಣಿ ಮಗುಚಿದರೆ ಮನುಷ್ಯ ಎಷ್ಟೇ ಈಜಿದರೂ ಅಳಿವೆ ದಾಟಿ ಕಡಲಿಗೆ ಹೋದನೆಂದೇ ಲೆಕ್ಕ. ಮರದ ದೋಣಿ ಮಾತ್ರ ತೇಲುತ್ತದೆ. ಆದ್ದರಿಂದ ಆ ಮನೆಯ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವ ಪಾಠ ಒಂದೇ, ಏನಾದರೂ ಆಗಲಿ ದೋಣಿ ಬಿಡಬಾರದು. "ದೋಣಿ ಬಿಡುಕಾಗ." ಬಾಯಲ್ಲಿ ಹೇಳಿದರೆ ಸಾಲದು ಎಂದು ದೋಣಿಯ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವುದನ್ನೂ ಕಲಿಸುತ್ತಾರೆ. ಕೈ ಸೋತರೂ ಹಗ್ಗ ಹಿಡಿದಿರುತ್ತದೆ ಎಂದು. ಮಾವಯ್ಯ ಅದನ್ನು ನಮ್ಮ ಡೊಂಬಿವಲಿಯ ಹಾಲಿನಲ್ಲಿ ಕೂತು, ನನ್ನ ದುಪಟ್ಟಾ ತೆಗೆದುಕೊಂಡು, ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಪೂರ್ವಿಯ ಪುಟ್ಟ ಕೈಗೆ ಸುತ್ತಿ ತೋರಿಸುತ್ತಿದ್ದರು. ಅವಳು ಕಿಲಕಿಲ ನಗುತ್ತಿದ್ದಳು.

ಹೇಳಿದರೆ ವಿಚಿತ್ರವೆನಿಸಬಹುದು, ಆ ಪಾಠ ನನಗೂ ಸರಿಯೆಂದೇ ಕಂಡಿತ್ತು. ಡೊಂಬಿವಲಿಯಲ್ಲಿ ಬಾಳುವವರಿಗೆ ಬೇರೆ ಪಾಠ ಯಾವುದಿದೆ? ನಾನು ದಿನಾ ಠಾಣೆಯ ಆಫೀಸಿಗೆ ಹೋಗುವುದು ಲೋಕಲಿನಲ್ಲಿ. ಒಂದು ಕಾಲಿಗೆ ಜಾಗ ಸಿಕ್ಕಿದರೆ ಪುಣ್ಯ, ಒಂದು ಕೈಗೆ ಕಂಬಿ ಸಿಕ್ಕಿದರೆ ಪರಮಪುಣ್ಯ. ಬಾಗಿಲಲ್ಲಿ ನೇತಾಡುವ ಹುಡುಗಿಯರಿಗೆ ಒಳಗಿನಿಂದ ಯಾರಾದರೂ ಕೂಗುತ್ತಲೇ ಇರುತ್ತಾರೆ, "ಪಕಡ್ ಕೇ ರಖ್, ಛೋಡ್ನಾ ಮತ್." ಬಿಟ್ಟವರ ಸುದ್ದಿ ಮಾರನೆಯ ದಿನ ಪೇಪರಿನ ಮೂಲೆಯಲ್ಲಿ ಬರುತ್ತದೆ. ಹಿಡಿದುಕೊಂಡವರು ಬದುಕುತ್ತಾರೆ, ಬಿಟ್ಟವರು ಸಾಯುತ್ತಾರೆ. ಇದರಲ್ಲಿ ಅನುಮಾನಕ್ಕೆ ಎಡೆಯೆಲ್ಲಿ?

ರಘುವಿಗೆ ಹುಚ್ಚು ಹಿಡಿದದ್ದು ವರ್ಕ್‌ಶಾಪಿನ ಗೆಳೆಯ ನಿಲೇಶನಿಂದ. ನಿಲೇಶ ಮತ್ತು ಒಂದಷ್ಟು ಮರಾಠಿ ಹುಡುಗರು ಸೇರಿ ಮಳೆಗಾಲದ ಭಾನುವಾರಗಳಲ್ಲಿ ಕಲ್ಯಾಣದಾಚೆಯ ಒಂದು ನದಿಗೆ ಕಯಾಕ್ ತೆಗೆದುಕೊಂಡು ಹೋಗುತ್ತಿದ್ದರು. ಕಯಾಕ್ ಎಂದರೆ ಒಬ್ಬರೇ ಕೂರುವ ಪುಟ್ಟ ಪ್ಲಾಸ್ಟಿಕ್ ದೋಣಿ. ಬಂಡೆಗಳ ನಡುವೆ ಬಿಳಿಯಾಗಿ ನೊರೆ ಕಾರುತ್ತ ನುಗ್ಗುವ ನೀರಿನಲ್ಲಿ, ಎರಡು ಬದಿಗೂ ಅಲಗಿರುವ ಒಂದೇ ಹುಟ್ಟು ಹಾಕುತ್ತ, ಬೇಕೆಂದೇ ನುಗ್ಗಿ ಹೋಗುವ ಆಟ. ಆ ನದಿಯ ಹೆಸರು ಹೇಳುವುದಿಲ್ಲ. ನನಗೂ ಅದಕ್ಕೂ ಮಾತಿಲ್ಲ. ರಘು ಹಳದಿ ಬಣ್ಣದ್ದೊಂದನ್ನು ಹಳೆಯದು ಸಿಕ್ಕಿತೆಂದು ತಂದು ಕಟ್ಟಡದ ಮೆಟ್ಟಿಲ ಕೆಳಗೆ ನಿಲ್ಲಿಸಿದ ದಿನ ಮಾವಯ್ಯ ಅದರ ಸುತ್ತ ಪ್ರದಕ್ಷಿಣೆ ಹಾಕಿದರು. "ಇದೆಂತ ದೋಣಿಯಾ? ಹಲ್ಸಿನ್ ತೊಳಿ ಕಂಡಂಗಿತ್ತ್" ಎಂದರು. ಬೆರಳಿನಿಂದ ತಟ್ಟಿ ನೋಡಿದರು. ಮೂತಿಯಲ್ಲಿ ಹಿಡಿಯಲಿಕ್ಕೆಂದು ಕಟ್ಟಿದ್ದ ತುಂಡು ಹಗ್ಗ ಗಿಡ್ಡವಾಯಿತು ಎಂದು, ತಾವೇ ಒಂದು ಉದ್ದನೆಯ ಹಗ್ಗ ತಂದು, ಕಡವಿನವರ ಗಂಟು ಹಾಕಿ ಕಟ್ಟಿಕೊಟ್ಟರು. ಅಪ್ಪ ಮಗ ಇಬ್ಬರೂ ಜಗಳವಿಲ್ಲದೆ ಒಟ್ಟಿಗೆ ಕೂತದ್ದನ್ನು ನಾನು ಕಂಡದ್ದು ಅಪರೂಪ. ಆ ಸಂಜೆ ಚಹಾದ ಜತೆ ಇಬ್ಬರಿಗೂ ಕಾಂದಾಭಜಿ ಕರಿದು ಕೊಟ್ಟೆ.

ಆ ನದಿಗೆ ಅಡ್ಡಲಾಗಿ ಒಂದು ಬಂಧಾರಾ ಇತ್ತು. ನಮ್ಮ ಕಡೆ ಒಡ್ಡು ಅನ್ನುತ್ತೇವಲ್ಲ, ಅದೇ. ಹಿಂದೆ ಯಾವುದೋ ಬಟ್ಟೆ ಗಿರಣಿಯವರು ನೀರಿಗಾಗಿ ಕಟ್ಟಿಸಿದ ಗೋಡೆ, ಎತ್ತರ ಒಂದಾಳುದ್ದವೂ ಇಲ್ಲ. ಗಿರಣಿ ಮುಚ್ಚಿ ಹೋಗಿ, ಅದರ ಜಾಗದಲ್ಲಿ ಹುಣಸೆಮರಗಳು ಬೆಳೆದು, ಗೋಡೆ ಮಾತ್ರ ಯಾರಿಗೂ ಬೇಡವಾಗಿ ನಿಂತಿತ್ತು. ಹುಡುಗರು ಗೋಡೆಗಿಂತ ಮೊದಲೇ ದಡಕ್ಕೆ ಬಂದು, ದೋಣಿಗಳನ್ನು ಹೆಗಲ ಮೇಲೆ ಹೊತ್ತು ಕೆಳಕ್ಕೆ ನಡೆದು, ಅಲ್ಲಿಂದ ಮತ್ತೆ ನೀರಿಗಿಳಿಯುತ್ತಿದ್ದರು. ನೂಲ ಹುಣ್ಣಿಮೆಗೆ ಕೆಲವೇ ದಿನಗಳಿದ್ದ ಒಂದು ಭಾನುವಾರ ಮೇಲೆಲ್ಲೋ ಜೋರು ಮಳೆಯಾಗಿ ಹೊಳೆ ಏರಿತು. ಮಿಕ್ಕವರು ದಡ ಸೇರಿದರು. ಹಿಂದೆ ಉಳಿದಿದ್ದ ರಘುವಿಗೆ ಅದು ಆಗಲಿಲ್ಲ. ನೀರು ಅವನನ್ನು ಗೋಡೆಯ ಮೇಲಿಂದ ದಾಟಿಸಿ ಕೆಳಕ್ಕೆ ಹಾಕಿತು. ದೋಣಿ ಮಗುಚಿತು. ಅವನು ಹೊರಗೆ ಬಂದು ದೋಣಿಯನ್ನು ಹಿಡಿದುಕೊಂಡ. ನಿಲೇಶ ದಡದಿಂದ ಹಗ್ಗ ಎಸೆದ. ಅವನು ಹಗ್ಗ ಹಿಡಿಯಲಿಲ್ಲ. ಇಷ್ಟು ನಮಗೆ ತಿಳಿಸಿದ್ದು.

ಅವನನ್ನು ಹೊರಗೆ ತೆಗೆದಾಗ ಸಂಜೆಯಾಗಿತ್ತಂತೆ. ದೋಣಿಯ ಹಗ್ಗ ಮಣಿಕಟ್ಟಿನ ಸುತ್ತ ಬಿಗಿದುಕೊಂಡಿತ್ತು, ಚಾಕುವಿನಿಂದ ಕೊಯ್ಯಬೇಕಾಯಿತು. ಆ ಗುರುತನ್ನು ನಾನು ಕಣ್ಣಾರೆ ಕಂಡೆ. ಮಾವಯ್ಯನೂ ಕಂಡರು. ಅವರು ಅಳಲಿಲ್ಲ. ಮಗನ ಮಣಿಕಟ್ಟಿನ ಮೇಲೆ ಹೆಬ್ಬೆರಳು ಆಡಿಸುತ್ತ, ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳಿದರು. "ನನ್ ಮಗ ದೋಣಿ ಬಿಡ್ಲಿಲ್ಲೆ."

ಅಲ್ಲಿಂದ ಮುಂದೆ ಅದೇ ಅವರ ಊರುಗೋಲಾಯಿತು. ಬಂದವರಿಗೆ ಹೋದವರಿಗೆ, ಹಾಲಿನವನಿಗೆ, ಕ್ಷೌರದವನಿಗೆ, ಕೇಳಿದವರಿಗೂ ಕೇಳದವರಿಗೂ ಅದನ್ನೇ ಹೇಳುತ್ತಿದ್ದರು. ಹೊಳೆಯ ಶಕ್ತಿ ಹೆಚ್ಚಿತ್ತು, ಹೋದ. ಆದರೆ ಕಡವಿನವನಾಗಿಯೇ ಹೋದ, ಹೆದರಿ ಕೈಬಿಟ್ಟು ಹೋಗಲಿಲ್ಲ. ನನಗೆ ಆ ಹೆಮ್ಮೆಯಿಂದ ಏನೂ ಸಿಗಲಿಲ್ಲ. ನನ್ನ ಹೊಟ್ಟೆ ತುಂಬಿಸಿದ್ದು ಸಿಟ್ಟು. ನಿಲೇಶನಿಗೆ ಹಗ್ಗ ಎಸೆಯಲು ಬರಲಿಲ್ಲ, ಎಲ್ಲೋ ಎಸೆದ, ನನ್ನ ಗಂಡನ ಕೈಗೆ ಸಿಗದ ಹಾಗೆ ಎಸೆದ ಎಂದು ನಂಬಿಕೊಂಡೆ. ಅವನು ಮನೆಗೆ ಬಂದರೆ ಬಾಗಿಲ ಚಿಲಕ ತೆಗೆಯುತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಎದುರಾದರೆ ಮುಖ ತಿರುಗಿಸಿ, ಅವನಿಗೆ ಕೇಳುವ ಹಾಗೆ ನಮ್ಮ ಭಾಷೆಯಲ್ಲಿ ಬೈಯುತ್ತಿದ್ದೆ. "ನಿನ್ನ ಕೈ ಸೇದಿ ಹೋಗ್ಲಿ." ಅವನಿಗೆ ಅರ್ಥವಾಗುತ್ತಿತ್ತೋ ಇಲ್ಲವೋ, ತಲೆ ತಗ್ಗಿಸಿ ನಿಲ್ಲುತ್ತಿದ್ದ. ಮಾವಯ್ಯನಿಗೆ ಹೆಮ್ಮೆ, ನನಗೆ ಸಿಟ್ಟು. ಒಂದೇ ಮನೆಯಲ್ಲಿ ಇಬ್ಬರೂ ನಮ್ಮ ನಮ್ಮದನ್ನು ಹಿಡಿದುಕೊಂಡು ಬದುಕಿದೆವು.

ಮರುವರ್ಷ ನೂಲ ಹುಣ್ಣಿಮೆಯ ದಿನ ಮಾವಯ್ಯ ಹೊಳೆಗೆ ಹೋಗಬೇಕೆಂದರು. ಕಡವಿನ ಮನೆಯವರು ಆ ದಿನ ನೀರಿಗೆ ಕಾಯಿ ಬಿಡದೆ ಇರುವಂತಿಲ್ಲ. ಕಲ್ಯಾಣದಿಂದ ಕಸಾರಾ ಕಡೆಯ ಲೋಕಲ್ ಹಿಡಿದು, ಇಳಿದು, ರಿಕ್ಷಾದಲ್ಲಿ ಕೂತು, ಕೆಸರಿನಲ್ಲಿ ನಡೆದು ನಾವು ಮೂವರೂ ಬಂಧಾರಾದ ಹತ್ತಿರದ ದಡಕ್ಕೆ ಹೋದೆವು. ಅವರು ಕೈಮುಗಿದು, ಗೋಡೆಯ ಕೆಳಗಿನ ನೊರೆಯೊಳಗೆ ಕಾಯಿ ಎಸೆದರು. ಅದು ಮುಳುಗಿತು, ಸ್ವಲ್ಪ ಮುಂದೆ ಎದ್ದಿತು. ಹೊರಟು ಹೋಗುತ್ತದೆ ಎಂದು ನೋಡಿದರೆ ಹೊಳೆ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಗೋಡೆಯ ಬುಡಕ್ಕೆ ತಿರುಗಿ ಬಂತು. ಮತ್ತೆ ಮುಳುಗಿತು, ಮತ್ತೆ ಎದ್ದಿತು, ಮತ್ತೆ ತಿರುಗಿ ಬಂತು. ನನಗೆ ಮೈ ಜುಮ್ಮೆಂದಿತು. ಮಾವಯ್ಯನ ಮುಖ ಮಾತ್ರ ಆ ಒಂದು ವರ್ಷದಲ್ಲಿ ಮೊದಲ ಸಲ ಅರಳಿತು.

"ಕಂಡ್ಯಾ? ಬಿಟ್ಟ್ ಹೋತಿಲ್ಲೆ. ಅವ ಇಲ್ಲೇ ಇದ್ದ" ಎಂದರು.

ಅಲ್ಲೇ ಕಲ್ಲಿನ ಮೇಲೆ ಕೂತು, ಏಳುತ್ತ ಮುಳುಗುತ್ತಿದ್ದ ಕಾಯಿಯ ಜತೆ ಮಾತಾಡಿದರು. ಪೂರ್ವಿಯ ಶಾಲೆಯ ವಿಷಯ, ನನ್ನ ಆಫೀಸಿನ ವಿಷಯ, ಎಂಐಡಿಸಿಯ ವಾಸನೆಗೆ ಕಿಟಕಿ ತೆಗೆಯುವ ಹಾಗಿಲ್ಲ ಎಂಬ ದೂರು, ಈ ರೊಟ್ಟಿಯವಳು ಈಗ ಕಾಯಿರಸ ಚೆನ್ನಾಗಿ ಮಾಡುತ್ತಾಳೆ ಎಂಬ ಹೊಗಳಿಕೆ. ಎದುರಿಗೆ ಒಂದು ದಿನವೂ ಹೊಗಳಿದವರಲ್ಲ. ಅಂದಿನಿಂದ ಪ್ರತಿ ವರ್ಷ ಇದು ನಡೆಯಿತು, ಪ್ರತಿ ವರ್ಷವೂ ಕಾಯಿ ತಿರುಗಿ ಬಂತು. ಮೊದಮೊದಲು ಹೆದರುತ್ತಿದ್ದ ನಾನೂ ಆಮೇಲಾಮೇಲೆ ಅದನ್ನು ಕಾಯತೊಡಗಿದೆ. ನಂಬಿಕೆ ಇತ್ತೋ ಎಂದು ಕೇಳಬೇಡಿ. ಎಸೆದ ಕೂಡಲೇ, ಬರುತ್ತದೋ ಇಲ್ಲವೋ ಎಂದು ಉಸಿರು ಹಿಡಿದು ನಿಲ್ಲುತ್ತಿದ್ದೆ, ಅಷ್ಟು ನಿಜ.

ಎರಡು ವರ್ಷದ ಹಿಂದೆ ಆ ನದಿಯ ಬದಿಗೆ ಟವರುಗಳು ಎದ್ದವು. ಹೆಸರಿನಲ್ಲೇ ನದಿ ಇರುವಂಥ ಟವರುಗಳು. ಹೋದ ವರ್ಷದ ಮಳೆಗಾಲದಲ್ಲಿ ಬಂಧಾರಾದ ಹಿಂದೆ ನಿಂತ ನೀರು ಅವುಗಳ ಪಾರ್ಕಿಂಗಿಗೆ ನುಗ್ಗಿತು, ಕಾರುಗಳು ಮುಳುಗಿದವು. ಬಂಧಾರಾ ಒಡೆಯಬೇಕೆಂದು ಗದ್ದಲವೆದ್ದಿತು. ಒಡೆಯಿರಿ ಎಂದು ವರ್ಷಗಳಿಂದ ಕೈಮುಗಿದು ಕೇಳುತ್ತ ಬಂದಿದ್ದ ನಿಲೇಶ ಮತ್ತು ಅವನ ಹುಡುಗರ ಮಾತನ್ನು ಅಲ್ಲಿಯ ತನಕ ಕೇಳಿದವರಿರಲಿಲ್ಲ. ಮನುಷ್ಯ ಮುಳುಗಿದಾಗ ಏಳದವರು ಕಾರು ಮುಳುಗಿದಾಗ ಎದ್ದರು. ಹಳ್ಳಿಯಲ್ಲಿ ಸಭೆ ಕರೆದಿದ್ದಾರೆ, ಯಾರಿಗಾದರೂ ತಕರಾರಿದ್ದರೆ ಬಂದು ಹೇಳಬಹುದು ಎಂಬ ಸುದ್ದಿ ಚೌತಿ ಕಳೆದ ಮೇಲೆ ನಮಗೂ ಮುಟ್ಟಿತು. ಮಾವಯ್ಯ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. "ಗೋಡೆ ಒಡ್ದ್ರೆ ಅವ ಎಲ್ಲಿ ನಿಲ್ಲೂದು?" ಎಂದು ಮತ್ತೆ ಮತ್ತೆ ಕೇಳಿದರು. ಕನ್ನಡಿಯ ಮುಂದೆ ನಿಂತು ಮರಾಠಿಯಲ್ಲಿ ಮಾತು ಕೂಡಿಸಿಕೊಂಡರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ಒಡೆಯಬೇಡಿ, ನನ್ನ ಮಗ ಅಲ್ಲಿದ್ದಾನೆ ಎಂದು ಹೇಳಲು ಹೊರಟರು. ನಾನೂ ಅವರ ಬೆನ್ನಿಗೆ ಹೊರಟೆ. ನಿಲೇಶ ಬೇಕೆಂದದ್ದು ಯಾವುದೂ ಆಗಬಾರದು ಎಂಬ ಛಲ ನನ್ನದು. ಪೂರ್ವಿ ನೆರೂಳಿನ ಕಾಲೇಜಿಗೆ ರಜೆ ಹಾಕಿ ಬಂದಳು.

ಸಭೆ ಶಾಲೆಯ ಅಂಗಳದಲ್ಲಿ ಶುರುವಾಗಿ, ಮಾತು ಬಿಸಿಯೇರಿ, ನೋಡಿಯೇ ಬಿಡೋಣ ಎಂದು ಎಲ್ಲರೂ ಹೊಳೆಗೆ ನಡೆದರು. ನಿಲೇಶನ ಕೂದಲು ಬೆಳ್ಳಗಾಗಿತ್ತು. ನಮ್ಮನ್ನು ಕಂಡವನೇ ಮಾತು ನಿಲ್ಲಿಸಿಬಿಟ್ಟ. ಊರಿನವರು ಒತ್ತಾಯ ಮಾಡಿದ ಮೇಲೆ ಎರಡು ಎಣ್ಣೆಯ ಕ್ಯಾನು ತರಿಸಿದ. ಒಂದು ಖಾಲಿ, ಬಾಯಿ ಬಿಗಿದದ್ದು. ಇನ್ನೊಂದಕ್ಕೆ ಕಂಠಮಟ್ಟ ನೀರು ತುಂಬಿಸಿದ. ಎರಡನ್ನೂ ಗೋಡೆಯ ಕೆಳಗೆ ಎಸೆದ. ಖಾಲಿ ಕ್ಯಾನು ಏಳುತ್ತ ಮುಳುಗುತ್ತ ಗೋಡೆಯ ಬುಡಕ್ಕೇ ತಿರುಗಿ ತಿರುಗಿ ಬಂತು. ನೀರು ತುಂಬಿದ್ದು ಮುಳುಗಿ ಕಾಣದಾಯಿತು. ಹೋಯಿತು ಎಂದುಕೊಳ್ಳುವಷ್ಟರಲ್ಲಿ ದೂರದಲ್ಲಿ, ಬಂಡೆಗಳಾಚೆ, ತಣ್ಣಗೆ ತಲೆಯೆತ್ತಿ ಸಾಗಿಹೋಯಿತು. ಮೇಲಿನಿಂದ ಬಿದ್ದ ನೀರು ಗೋಡೆಯ ಬುಡದಲ್ಲಿ ಸುರುಳಿ ಸುತ್ತುತ್ತದೆ, ತೇಲುವ ಯಾವುದನ್ನೂ ಬಿಡುವುದಿಲ್ಲ, ತಳದಲ್ಲಿ ಮಾತ್ರ ಹೊರಗೆ ಹೋಗುವ ದಾರಿಯಿದೆ ಎಂದು ಅವನು ಊರಿನವರಿಗೆ ವಿವರಿಸಿದ. ನಾನು ಮಾವಯ್ಯನನ್ನು ನೋಡಿದೆ. ಅವರ ಕಣ್ಣು ಖಾಲಿ ಕ್ಯಾನಿನ ಮೇಲಿತ್ತು. ವರ್ಷ ವರ್ಷ ತಿರುಗಿ ಬರುತ್ತಿದ್ದ ಕಾಯಿಯ ಅದೇ ಏಳು ಬೀಳು, ಅದೇ ಸುತ್ತು.

ಆಗ ಪೂರ್ವಿ ಮರಾಠಿಯಲ್ಲಿ ಕೇಳಿದಳು. "ಕಾಕಾ, ಹಾಗಾದರೆ ಅಪ್ಪ ಏನು ಮಾಡಬೇಕಿತ್ತು?"

ನಿಲೇಶ ನೆಲ ನೋಡಿದ. ನನ್ನ ಕಡೆ ನೋಡಿದ. ಆಮೇಲೆ ಇರಲಿ ಬಿಡು ಮಗಳೇ ಎಂದ. ಇವಳು ಬಿಡಬೇಕಲ್ಲ, ಹಟದಲ್ಲಿ ಅಪ್ಪನ ಮಗಳೇ. "ಸಾಂಗಾ ನಾ, ಕಾಕಾ" ಎಂದು ಮತ್ತೆ ಕೇಳಿದಳು. ಅವನು ದನಿ ತಗ್ಗಿಸಿ ಹೇಳಿದ. "ಬೋಟ್ ಸೋಡಾಯ್ಚೀ." ದೋಣಿ ಬಿಡಬೇಕಿತ್ತು. ನಾನೆಸೆದ ಹಗ್ಗ ಅವನ ಹೆಗಲ ಮೇಲೇ ಬಿದ್ದಿತ್ತು, ಅದನ್ನು ಹಿಡಿಯಲು ಕೈ ಖಾಲಿ ಇರಲಿಲ್ಲ ಎಂದ. ಸೋಡ್, ಸೋಡ್ ಎಂದು ನಾವೆಲ್ಲ ಗಂಟಲು ಹರಿಯುವ ಹಾಗೆ ಕೂಗಿದೆವು. ರಘುವಿಗೆ ಕೇಳಿಸಿತ್ತು, ಅವನು ಇಲ್ಲ ಎಂದು ತಲೆಯಾಡಿಸಿದ. ಬಿಟ್ಟಿದ್ದರೆ ಬದುಕುತ್ತಿದ್ದನಾ ಎಂದು ಪೂರ್ವಿ ಕೇಳಿದ್ದಕ್ಕೆ, "ಕದಾಚಿತ್" ಎಂದ. ಬಹುಶಃ.

ಮಾವಯ್ಯನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಅಷ್ಟು ವರ್ಷ ಕಲ್ಯಾಣದಲ್ಲಿ ಗಿರಾಕಿಗಳ ಜತೆ ಮಾತಾಡಿದವರಿಗೆ ಬಾರದೆ ಇರುತ್ತದೆಯೇ? ಒಂದಾದರೂ ಶಬ್ದ ಅವರಿಗೆ ತಿಳಿಯದೆ ಹೋಗಿದ್ದರೆ ಎಂದು ಆ ಕ್ಷಣ ಬೇಡಿಕೊಂಡೆ. ಅಧಿಕಾರಿಯೊಬ್ಬರು ಹೆಸರು ಕೂಗಿ, "ಅಜೋಬಾ, ನಿಮ್ಮದೇನೋ ತಕರಾರಿತ್ತಂತೆ?" ಎಂದರು. ಮಾವಯ್ಯ ಮುಂದೆ ಬಂದು ನಿಂತರು. ಕೂಡಿಸಿಕೊಂಡು ಬಂದಿದ್ದ ಮಾತು ಯಾವುದೂ ಬರಲಿಲ್ಲ. "ಫೋಡಾ" ಎಂದರು. ಒಡೆಯಿರಿ. ಅಷ್ಟೇ ಹೇಳಿ ರಸ್ತೆಯ ಕಡೆ ನಡೆದರು.

ರಿಕ್ಷಾ ಸಿಗುವ ತನಕ ಹುಣಸೆಮರದ ಕೆಳಗೆ ನಿಂತೆವು. "ಮಾವಯ್ಯ, ಮನೀಗ್ ಹೋಗೂಣ್ರಿ, ಏನೂ ವಿಚಾರ ಮಾಡಬ್ಯಾಡ್ರಿ" ಎಂದೆ. ಇನ್ನೇನು ಹೇಳಲಿ? ಹಗ್ಗ ಹೆಗಲ ಮೇಲೇ ಬಿದ್ದಿತ್ತಂತೆ. ಇಷ್ಟು ವರ್ಷ ಯಾರನ್ನು ಶಪಿಸಿ ಬದುಕಿದ್ದೆನೋ ಅವನ ಕೈ ತಪ್ಪಿರಲಿಲ್ಲ. ಸಿಟ್ಟು ಹೋದ ಮೇಲೆ ಹಗುರವಾಗುತ್ತದೆ ಎನ್ನುತ್ತಾರೆ. ಸುಳ್ಳು. ಕಾಲ ಕೆಳಗಿನ ಚಪ್ಪಡಿ ಎಳೆದ ಹಾಗಾಗುತ್ತದೆ.

ಮಾವಯ್ಯ ತಮ್ಮ ಅಂಗೈ ನೋಡಿಕೊಳ್ಳುತ್ತಿದ್ದರು. ಹಾಗೆ ನೋಡುತ್ತಲೇ ಹೇಳಿದರು. "ಹೋಟ್ಲಿಗೆ ಬಾ ಅಂದೆ, ಬರ್ಲಿಲ್ಲೆ. ಹುಡ್ಗಿ ಕಂಡಿದೆ ಅಂದೆ, ಒಪ್ಲಿಲ್ಲೆ. ಎಂತ ಹೇಳ್ರೂ ಕೇಳದವ, ಅದೊಂದ್ ಮಾತ್ ಕೇಂಡ." ಆಮೇಲೆ ಮರಕ್ಕೆ ಒರಗಿ ಅತ್ತರು. ಮಗ ಸತ್ತಾಗ ಅಳದವರು ಆವತ್ತು, ರಸ್ತೆಯ ಬದಿಗೆ, ಹೋಗುವ ಬರುವ ರಿಕ್ಷಾದವರು ತಿರುಗಿ ನೋಡುವ ಹಾಗೆ, ಬಾಯಿಬಿಟ್ಟು ಅತ್ತರು. ಪೂರ್ವಿ ಹೆದರಿ, "ಅಜ್ಜಾ, ಮತ್ ರೋ ನಾ, ಸಾರಿ ಅಜ್ಜಾ" ಎನ್ನುತ್ತ ಅವರ ಬೆನ್ನು ಸವರಿದಳು. ಕೇಳಬಾರದ್ದನ್ನು ಅವಳೇನೂ ಕೇಳಿರಲಿಲ್ಲ.

ಮನೆಯ ರೀತಿಯೇ ಬದಲಾಯಿತು. "ನನ್ ಮಗ ದೋಣಿ ಬಿಡ್ಲಿಲ್ಲೆ" ಎಂಬ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ. ಮೆಟ್ಟಿಲ ಕೆಳಗಿನ ಹಳದಿ ದೋಣಿಯನ್ನು ಪ್ರತಿ ಭಾನುವಾರ ಒರೆಸುತ್ತಿದ್ದವರು ಒರೆಸುವುದನ್ನು ಬಿಟ್ಟರು; ಅದರ ಮೇಲೆ ಯಾರೋ ಸೈಕಲ್ ಒರಗಿಸಿದರು, ಯಾರೋ ಚಾಪೆ ಒಣಹಾಕಿದರು. ಕತ್ತರಿಸಿದ ಹಗ್ಗದ ಮೋಟು ತುದಿ ಅದರ ಮೂತಿಯಲ್ಲಿ ಹಾಗೆಯೇ ಇತ್ತು. ನಾನೊಂದು ದಿನ ನೋಡಲಾರದೆ ಬಿಚ್ಚಲು ಹೋದೆ. ಕಡವಿನವರ ಗಂಟು, ನನ್ನ ಕೈಗೆ ಬಗ್ಗಲಿಲ್ಲ. ನಾನು ನಿಲೇಶನಿಗೆ ಫೋನು ಮಾಡಿ ಒಂದು ದಿನ ಊಟಕ್ಕೆ ಬಾ ಎಂದೆ. ಬಂದ. ಮಾವಯ್ಯ ಅವನ ತಟ್ಟೆಗೆ ತಾವೇ ಎರಡನೇ ಸಲ ಸಾರು ಬಡಿಸಿದರು.

ಈ ಬೇಸಿಗೆಯಲ್ಲಿ ಬಂಧಾರಾ ಒಡೆದರು. ನಿಲೇಶ ಫೋನಿನಲ್ಲಿ ವಿಡಿಯೋ ಕಳಿಸಿದ. ಯಂತ್ರದ ಸುತ್ತಿಗೆ ಟಕಟಕ ಬಡಿದು, ಗೋಡೆ ಹಳೆಯ ಬಿಸ್ಕೆಟ್ಟಿನ ಹಾಗೆ ಪುಡಿಯಾಗಿ ಬಿತ್ತು. ಅರ್ಧ ದಿನವೂ ಹಿಡಿಯಲಿಲ್ಲವಂತೆ. ನಾನು ಮಾವಯ್ಯನಿಗೆ ತೋರಿಸಲೋ ಬೇಡವೋ ಎಂದು ಒದ್ದಾಡುತ್ತಿದ್ದೆ, ಅವರೇ ಕೈಚಾಚಿ ಫೋನು ತೆಗೆದುಕೊಂಡು ನೋಡಿದರು. "ಇಷ್ಟೇ ಇದ್ದಿತ್ತಾ ಅದ್?" ಎಂದರು.

ಇವತ್ತು ಹೋಗುವುದೋ ಬೇಡವೋ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ. ಕಾಯಿ ತಂದೆ, ಮೂವರೂ ಹೊರಟೆವು. ಹೊಳೆ ಗುರುತೇ ಸಿಗಲಿಲ್ಲ. ಗೋಡೆಯಿದ್ದ ಕಡೆ ಈಗ ಬಂಡೆಗಳು ಎದ್ದಿದ್ದವು, ಅವುಗಳ ನಡುವೆ ನೀರು ಬಿಳಿಯಾಗಿ, ಸದ್ದು ಮಾಡುತ್ತ, ಎಲ್ಲೂ ನಿಲ್ಲದೆ ಇಳಿದು ಹೋಗುತ್ತಿತ್ತು. ಆಚೆ ದಡದಲ್ಲಿ ಐದಾರು ಹುಡುಗ ಹುಡುಗಿಯರು ಬಣ್ಣಬಣ್ಣದ ದೋಣಿಗಳನ್ನು ಇಳಿಸುತ್ತಿದ್ದರು. ಹೊಸ ಓಟ ಸಿಕ್ಕಿದೆಯಲ್ಲ, ಕೇಕೆ ಹಾಕುತ್ತಿದ್ದರು. ಒಬ್ಬಳು ಮಗುಚಿದಳು. ನನ್ನ ಪ್ರಾಣವೇ ಹೋಯಿತು. ಅವಳು ದೋಣಿಯನ್ನು ಬಿಟ್ಟು, ಕಾಲು ಮುಂದೆ ಮಾಡಿ ತೇಲುತ್ತ ಕೆಳಗೆ ಹೋಗಿ, ದಡ ಹಿಡಿದು ಎದ್ದು ನಿಂತು ನಕ್ಕಳು. ಮಾವಯ್ಯ ಅವಳನ್ನು ನೋಡಿದರು, ಬಹಳ ಹೊತ್ತು ನೋಡಿದರು.

ಆಮೇಲೆ ಕೈಮುಗಿದು ಕಾಯಿ ಎಸೆದರು. ಮುಳುಗಿತು. ಎದ್ದಿತು. ಎಷ್ಟೋ ವರ್ಷಗಳ ಅಭ್ಯಾಸ, ನಾನು ಉಸಿರು ಹಿಡಿದು ಗೋಡೆಯಿದ್ದ ಜಾಗವನ್ನೇ ನೋಡುತ್ತಿದ್ದೆ. ಕಾಯಿ ಆ ಕಡೆ ತಿರುಗಲೇ ಇಲ್ಲ. ಎರಡು ಬಂಡೆಗಳ ನಡುವೆ ನುಸುಳಿ, ಒಂದು ಸಲ ಮೇಲಕ್ಕೆ ಹಾರಿ, ನೀರಿನ ಜತೆ ಹೊರಟುಹೋಯಿತು. ನಾಲ್ಕು ಹೆಜ್ಜೆ ದಡದಲ್ಲೇ ಅದರ ಹಿಂದೆ ಹೋದ ಮಾವಯ್ಯ ನಿಂತರು. ತಿರುವಿನಲ್ಲಿ ಕಾಯಿ ಕಣ್ಮರೆಯಾಯಿತು.

"ಇಷ್ಟ್ ಸಸಾರ ಇತ್ತಾ, ಮಾರಾಯ್ತಿ?" ಎಂದು ಕೇಳಿದರು.

ಇಷ್ಟು ಸುಲಭವಿತ್ತೇ ಎಂದು. ಈ ವರ್ಷ ಅವರು ಕಲ್ಲಿನ ಮೇಲೆ ಕೂರಲಿಲ್ಲ. ಮಾತಾಡಲು ಅಲ್ಲಿ ಯಾರೂ ಇರಲಿಲ್ಲ.

ಈಗ ಮನೆಗೆ ಬಂದು, ಉಳಿದ ಕಾಯಿಯನ್ನು ಒಡೆದು, ತುರಿದು, ಸಾರಿಗೆ ಇಟ್ಟು ಇದನ್ನು ಬರೆಯುತ್ತಿದ್ದೇನೆ. ಕೈಯಲ್ಲಿ ನಾರಿನ ವಾಸನೆ ಇನ್ನೂ ಇದೆ, ಬೆಳಿಗ್ಗೆ ಗಾಡಿಯ ಮುಂದೆ ಬಂದ ಅದೇ ವಾಸನೆ. ಬರುವಾಗ ಲೋಕಲಿನಲ್ಲಿ ಕಲ್ಯಾಣದ ತನಕ ಜಾಗ ಸಿಕ್ಕಿತ್ತು. ಅಲ್ಲಿ ಗಾಡಿ ಬದಲಿಸಿದೆವು, ಜನವೋ ಜನ. ಮಾವಯ್ಯ ಬಾಗಿಲ ಹತ್ತಿರ ನಿಂತಿದ್ದರು. ತಲೆಯ ಮೇಲೆ ಹಿಡಿಗಳು ತೂಗಾಡುತ್ತಿದ್ದರೂ, ಪಕ್ಕದಲ್ಲೇ ಕಂಬಿ ಇದ್ದರೂ ಅವರು ಯಾವುದನ್ನೂ ಹಿಡಿದುಕೊಂಡಿರಲಿಲ್ಲ. ಎರಡೂ ಕೈ ಕೆಳಗೆ ಬಿಟ್ಟು, ಗಾಡಿ ವಾಲಿದಾಗೆಲ್ಲ ವಾಲುತ್ತ, ಹೊರಗೆ ನೋಡುತ್ತಿದ್ದರು. ನಾನು ಜನರ ನಡುವೆ ತೂರಿ ಹೋಗಿ ಅವರ ಮಣಿಕಟ್ಟು ಹಿಡಿದೆ. ದುಪಟ್ಟಾದ ತುದಿಯನ್ನೂ ಒಂದು ಸುತ್ತು ಸುತ್ತಿದೆ.

"ಬಿಡ್ ಮಗಾ, ಬೀಳ್ತಿಲ್ಲೆ" ಎಂದರು.

ಡೊಂಬಿವಲಿ ಬರುವ ತನಕ ನಾನು ಬಿಡಲಿಲ್ಲ.